ರೇಡಿಯೋದ ಹೆಸರು, ತಿಪ್ಪೆಯ ಹೆಸರು

ಆ ಕೂಸಿನ ಹೆಸರನ್ನ ನಾನಿಲ್ಲಿ ಬರೆಯೋದಿಲ್ಲ, ಮೊದಲೇ ಹೇಳಿಬಿಡ್ತೀನಿ. ನಮ್ಮಣ್ಣನ ಮಗಳು ಅವಳು. ಈಗ ಅವಳಿಗೇ ಮೊಮ್ಮಕ್ಕಳಿವೆ. "ಅತ್ತೆ, ಏನಾದ್ರೂ ಬರ್ಕೊ, ನನ್ ಹೆಸ್ರೊಂದು ಹಾಕ್‌ಬ್ಯಾಡ" ಅಂತ ಫೋನಿನಲ್ಲಿ ಜಗಳಕ್ಕೇ ಬಂದಳು. ಆಗಲಿ ತಾಯಿ ಅಂದೆ. ಆದರೆ ಆ ಹೆಸರು ಬಂದ ದಾರಿ ಇದೆಯಲ್ಲ, ಅದನ್ನ ನೆನೆದರೆ ಇವತ್ತಿಗೂ ನನ್ನ ಮೈ ಜುಂ ಅನ್ನುತ್ತೆ. ಹೇಳದೆ ಇರೋಕಾಗಲ್ಲ.

ನಮ್ಮೂರು ಹುಣಸೂರಿಗೂ ಎಚ್.ಡಿ. ಕೋಟೆಗೂ ನಡುವೆ, ಹ್ಯಾಂಡ್‌ಪೋಸ್ಟ್ ಅನ್ನೋ ಕೂಡುರಸ್ತೆಯ ಕಡೆಗೆ. ಅರವತ್ತರ ದಶಕ ಮುಗಿದು ಎಪ್ಪತ್ತು ಶುರುವಾಗ್ತಿದ್ದ ಕಾಲ. ನನಗೆ ಹದಿನಾಲ್ಕೋ ಹದಿನೈದೋ. ಸ್ಕೂಲು ಬಿಟ್ಟಾಗಿತ್ತು. ಬಡತನಕ್ಕೆ ಬಿಟ್ಟಳು ಅಂತ ಊರೋರೆಲ್ಲ ತಿಳ್ಕೊಂಡಿದ್ದರು, ತಿಳ್ಕೊಳ್ಳಲಿ. ನಿಜಕ್ಕೆ ಕಾರಣ ನನ್ನ ಹೆಸರು. ಅಣ್ಣ ಹುಟ್ಟಿದ ಮೇಲೆ ಎರಡು ಕೂಸು ಉಳೀಲಿಲ್ಲ ಅಂತ ಅವ್ವ ನನಗೆ ಕಲ್ಲಿನ ಹೆಸರಿಟ್ಟಿದ್ದಳು. ಕಲ್ಲನ್ನ ಯಾರು ಹೊತ್ಕೊಂಡು ಹೋಗ್ತಾರೆ, ಯಮನೂ ದಾಟಿಕೊಂಡು ಮುಂದಕ್ಕೆ ಹೋಗ್ತಾನೆ ಅನ್ನೋ ನಂಬಿಕೆ. ಮೇಷ್ಟ್ರು ಹಾಜರಿ ಕೂಗಿದಾಗೆಲ್ಲ ಹಿಂದಿನ ಸಾಲು ಕಿಸಕ್ ಅಂತಿತ್ತು. ಒಂದಿನ ಹಂಗೆ ನಕ್ಕ ಒಬ್ಬಳ ಜಡೆ ಹಿಡಿದು, ಬಗ್ಗಿಸಿ, ಬೆನ್ನಿಗೆ ಗುದ್ದಿ ಮನೆಗೆ ಬಂದೋಳು ಮತ್ತೆ ಹೋಗಲಿಲ್ಲ.

ಆಮೇಲೆ ಅವ್ವ, ಅತ್ತಿಗೆ ಜೊತೆ ನಾನೂ ಊರ ಗೌಡರ ಹೊಗೆಸೊಪ್ಪಿನ ಕೆಲಸಕ್ಕೆ ಹೋಗತೊಡಗಿದೆ. ಹೊಲದಿಂದ ಹಸಿ ಸೊಪ್ಪು ಗಾಡಿಗಟ್ಟಲೆ ಬರೋದು. ಅದನ್ನ ಬೆಂಕಿಯ ಕಾವಿನಲ್ಲಿ ಒಣಗಿಸೋಕೆ ಬ್ಯಾರನ್ ಅಂತ ಎತ್ತರದ ಮನೆ. ಒಳಗೆ ನೇತುಹಾಕೋ ಮುಂಚೆ ಎಲೆಗಳನ್ನ ದಾರದಲ್ಲಿ ಸುತ್ತಿ ಉದ್ದನೆ ಕಡ್ಡಿಗೆ ಕಟ್ಟಬೇಕು. ಅದು ಹೆಂಗಸರ ಕೆಲಸ. ಸಂಜೆ ಹೊತ್ತಿಗೆ ಕೈಗೆಲ್ಲ ಕಪ್ಪು ಜಿಡ್ಡು ಹತ್ತಿ, ಎಷ್ಟು ಉಜ್ಜಿದರೂ ಹೋಗದೆ, ರಾತ್ರಿ ಮುದ್ದೆ ಮುರಿದರೆ ಅದೂ ಕಹಿ.

ಆ ವರ್ಷ ಗೌಡರು ಮೈಸೂರಿಂದ ಒಂದು ಟ್ರಾನ್ಸಿಸ್ಟರ್ ತಂದು ಬ್ಯಾರನ್ ಜಗಲಿ ಮೇಲೆ ಇಟ್ಟರು. ನಮ್ಮ ಮೇಲಿನ ಪ್ರೀತಿಗೇನಲ್ಲ! ಹಾಡು ಬರ್ತಿದ್ರೆ ಹೆಂಗಸರು ಹರಟೆ ಹೊಡೆಯಲ್ಲ, ಕೈ ಜೋರಾಗುತ್ತೆ ಅಂತ. ಮಧ್ಯಾಹ್ನ ಉಂಡ ಮೇಲೆ ಸಿನಿಮಾ ಹಾಡು ಶುರು. ಅಬ್ಬಬ್ಬಾ, ನಾವು ಬಾಯಿ ಬಿಟ್ಕೊಂಡು ಕೇಳಿದ್ದೇ ಕೇಳಿದ್ದು. ಎಲ್ಲೋ ಯಾರೋ ಹಾಡ್ತಾರೆ, ಒಂದು ತಂತಿ ಕೂಡ ಇಲ್ಲದೆ ಅದು ನಮ್ಮೂರ ಸೊಪ್ಪಿನ ರಾಶಿ ಹತ್ತಿರಕ್ಕೆ ಬರುತ್ತೆ. ಪೆಟ್ಟಿಗೆ ಹಿಂದೆ ಹೋಗಿ ಯಾರೂ ಇಲ್ಲ ಅಂತ ನೋಡ್ಕೊಂಡು ಬಂದೋಳು ನಾನೊಬ್ಬಳೇ ಅಲ್ಲ.

ನಮ್ಮತ್ತಿಗೆ ಮಾತು ಕಮ್ಮಿ. ಮೊದಲನೆಯ ಕೂಸು ಎಂಟು ದಿನಕ್ಕೆ, ಎರಡನೆಯದು ಮೂರು ತಿಂಗಳಿಗೆ ತೀರ್ಕೊಂಡ ಮೇಲೆ ನಗು ಅನ್ನೋದೇ ಅವಳ ಮುಖದಲ್ಲಿ ಇರಲಿಲ್ಲ. ಆಗ ಮೂರನೆಯದಕ್ಕೆ ಬಸುರಿ. ಒಂದು ಮಧ್ಯಾಹ್ನ ಹೊಸ ಹಾಡೊಂದು ಬಂತು. ಅದರಲ್ಲಿ ಗಂಡೊಬ್ಬ ಒಂದು ಹೆಣ್ಣಿನ ಹೆಸರು ಹಿಡಿದು ಎಳೆದೆಳೆದು ಕೂಗ್ತಾನೆ. ಒಂದ್ಸಲ ಮೆತ್ತಗೆ, ಒಂದ್ಸಲ ಬೆಟ್ಟದ ಮೇಲಿಂದ ಕರೆದಂಗೆ. ಎಲ್ಲರ ಕೈ ಓಡ್ತಿತ್ತು, ಅತ್ತಿಗೆ ಕೈ ನಿಂತುಹೋಯಿತು. ಹಾಡು ಮುಗಿಯೋ ತನಕ ದಾರ ಹಿಡ್ಕೊಂಡು ಹಂಗೇ ಕೂತಿದ್ದಳು. ಆಮೇಲೆ ನಕ್ಕಳು! ಯಾರನ್ನೂ ನೋಡದೆ, ಅವಳ ಪಾಡಿಗೆ ಅವಳು.

ಮನೆಗೆ ಬರ್ತಾ ಹಿಂದೆ ಉಳಿದು ನನ್ನ ಸೆರಗು ಎಳೆದಳು. "ಎಣ್ಣಾದ್ರೆ ಅದೇ ಹೆಸ್ರು ಕಣಮ್ಮಿ. ನೀನ್ ತಾನೆ ಕಿವೀಲಿ ಹೇಳೋಳು, ಅದ್ಕೆ ನಿಂಗೆ ಹೇಳ್ತಿವ್ನಿ."

ನಮ್ಮ ಕಡೆ ಹಂಗೆ. ತೊಟ್ಟಿಲಿಗೆ ಹಾಕೋ ದಿನ ಕೂಸಿನ ಬಲಗಿವೀಲಿ ಮೂರು ಸಲ ಹೆಸರು ಹೇಳೋದು ಸೋದರತ್ತೆ, ಅಂದರೆ ಅಪ್ಪನ ತಂಗಿಯೋ ಅಕ್ಕನೋ. ಅತ್ತೆ ಹೇಳಿದ್ದೇ ಹೆಸರು. ನನಗೆ ಎದೆ ಉಬ್ಬಿಹೋಯಿತು. ಆ ಹೆಸರಾದರೋ, ದೇವರದ್ದಲ್ಲ, ಸತ್ತ ಅಜ್ಜಿಯದ್ದಲ್ಲ, ನಮ್ಮೂರಲ್ಲಿ ಒಬ್ಬರಿಗೂ ಇಲ್ಲ. ಹುಣಸೂರಲ್ಲೂ ಪಿರಿಯಾಪಟ್ಟಣದಲ್ಲೂ ರೇಡಿಯೋ ಇದ್ದ ಕಡೆಯೆಲ್ಲ ಅದನ್ನ ದಿನಾ ಕೂಗ್ತಾ ಇದ್ದಾರೆ, ನಮ್ಮನೆ ಕೂಸೊಂದು ಬಂದು ಓ ಅನ್ನೋದು ಬಾಕಿ!

ದೀಪಾವಳಿ ಕಳೆದು ಹುಟ್ಟಿದ್ದು ಹೆಣ್ಣೇ. ಆದರೆ ಅವ್ವ ಆಗಲೇ ತೀರ್ಮಾನ ಮಾಡಿಯಾಗಿತ್ತು. "ಎಲ್ಡು ಕೂಸು ಓದ್‌ಮ್ಯಾಕೆ ಸಿಂಗಾರದ ಹೆಸ್ರು ಯಾವ ಬಾಯಲ್ಲಿ ಇಡಾನಾ? ತಿಪ್ಪೆ ಹೆಸ್ರೇ ಆಗ್ಬೇಕು." ಅತ್ತಿಗೆ ತಲೆ ತಗ್ಗಿಸಿಕೊಂಡಳು. ಅವ್ವನ ಮುಂದೆ ಎದುರು ಮಾತು ಆಡಿದೋಳೇ ಅಲ್ಲ ಅವಳು.

ಹನ್ನೊಂದನೇ ದಿನ ಬೆಳಿಗ್ಗೆ ಕೂಸನ್ನ ಮೊರದಲ್ಲಿ ಮಲಗಿಸಿ ಹಿತ್ತಲ ತಿಪ್ಪೆ ಮೇಲೆ ಇಟ್ಟರು. ಪಕ್ಕದ ಮನೆ ಅಜ್ಜಿ ಅಲ್ಲಿಗೆ ಹೋಗಿ, "ಅಯ್ಯೋ, ಯಾರೋ ಬಿಸಾಕವ್ರಲ್ಲಾ, ಯಾರ್ಗಾದ್ರೂ ಬೇಕೇನ್ರವ್ವಾ?" ಅಂತ ಕೂಗಿದಳು. ಅವ್ವ ಒಂದು ಮೊಗೆ ತೌಡು ಕೊಟ್ಟು, "ನಮ್ದೇನಲ್ಲ ಕಣವ್ವಾ, ಬಿದ್ದಿರೋ ಕಸ, ಕೊಡಿತ್ತಾಗೆ" ಅಂತ ಯಮನಿಗೆ ಕೇಳೋ ಹಂಗೆ ಗಟ್ಟಿಯಾಗಿ ಹೇಳಿ ಎತ್ಕೊಂಡಳು. ನನಗೆ ಬರೀ ಸಿಟ್ಟು.

ಕೂಸನ್ನ ನನ್ನ ಕೈಗೆ ಕೊಟ್ಟರು. ಇಷ್ಟೇ ಇಷ್ಟು, ಆಗಷ್ಟೇ ಬೀಸಿದ ರಾಗಿಹಿಟ್ಟಿನಷ್ಟು ಬೆಚ್ಚಗೆ. ನನ್ನ ಕಿವೀಲಿ ಆ ಸ್ಕೂಲಿನ ಹಿಂದಿನ ಸಾಲು ಕಿಸಕ್ ಅಂತು. ಆಗೋದಿಲ್ಲ ಅಂದ್ಕೊಂಡೆ. ಬಗ್ಗಿ, ಬಲಗಿವಿಗೆ ಬಾಯಿಟ್ಟು, ರೇಡಿಯೋದ ಹೆಸರನ್ನ ಮೂರು ಸಲ ಹೇಳಿದೆ. ತಲೆ ಎತ್ತಿ ಎಲ್ಲರಿಗೂ ಕೇಳೋ ಹಂಗೆ ತಿಪ್ಪೆಯ ಹೆಸರು ಹೇಳಿದೆ. ಅತ್ತಿಗೆ ನನ್ನ ತುಟಿಯನ್ನೇ ನೋಡ್ತಿದ್ದಳು. ಅವಳಿಗೆ ತಿಳಿಯಿತು. ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಅವತ್ತಿಂದ ನಮಗಿಬ್ಬರಿಗೂ ಒಂದು ಗುಟ್ಟು. ಅವ್ವ ನೀರಿಗೆ ಹೋದರೆ ಸಾಕು, ಅತ್ತಿಗೆ ಕೂಸಿನ ಮೇಲೆ ಬಗ್ಗಿ ಆ ಹೆಸರು ಹಿಡಿದು ಹಾಡನ್ನ ಪಿಸುಗುಟ್ಟೋಳು. ಕೂಸು ಕಣ್ಣರಳಿಸಿ ನೋಡೋದು. ತಿಪ್ಪೆ ಹೆಸರಿಗೆ ಕಣ್ಣೆತ್ತಿ ಕೂಡ ನೋಡ್ತಿರಲಿಲ್ಲ, ಬೇಕಾದರೆ ದೇವರಾಣೆ.

ಮಾಗಿ ಚಳಿಗೆ ಕೂಸಿಗೆ ಕೆಮ್ಮು ಹಿಡಿಯಿತು. ಎರಡು ದಿನ ಕಷಾಯ, ಬಿಸಿ ಶಾಖ, ದೇವರ ಬಂಡಾರ ಎಲ್ಲ ಆಯಿತು. ಮೂರನೇ ದಿನ ಬೆಳಿಗ್ಗೆ ಮೊಲೆ ಬಾಯಿಗಿಟ್ಟರೆ ಹಿಡಿಯಲಿಲ್ಲ. ಎದೆ ಗೊರಗೊರ ಅಂತಿತ್ತು, ಉಸಿರಿಗೊಂದ್ಸಲ ಪಕ್ಕೆ ಒಳಕ್ಕೆ ಹೋಗ್ತಿತ್ತು. ಅಣ್ಣ ಕಾಡಿನ ಕೂಪಿಗೆ ಮರ ಕಡಿಯೋಕೆ ಹೋಗಿದ್ದ. ಅವ್ವ ಕೂಸಿಗೆ ಕಂಬಳಿ ಸುತ್ತಿ, "ನಡೀರಿ" ಅಂದಳು. ಮೂವರೂ ರಸ್ತೆಗೆ ಓಡಿ ಹ್ಯಾಂಡ್‌ಪೋಸ್ಟ್ ಬಸ್ಸು ಹತ್ತಿದೆವು.

ಬಸ್ಸಿನಲ್ಲಿ ನನ್ನ ತಲೆಗೆ ಏನು ಹೊಕ್ಕಿತ್ತು ಅಂತ ಹೇಳಿದರೆ ಈಗಿನೋರು ನಗ್ತೀರಿ. ತಿಪ್ಪೆ ಹೆಸರಿಟ್ಟಿದ್ದರೆ ಯಮ ಬಿಟ್ಟು ಹೋಗ್ತಿದ್ದ. ನಾನು ಹೇಳಿದ್ದು ಎಂಥಾ ಹೆಸರು? ದಿನಾ ಮಧ್ಯಾಹ್ನ ಲೋಕಕ್ಕೆಲ್ಲ ಕೇಳೋ ಹಂಗೆ ರೇಡಿಯೋ ಕೂಗೋ ಹೆಸರು! ಇಡೀ ಜಿಲ್ಲೆಗೆ ಕೇಳಿದ್ದು ಯಮನಿಗೆ ಕೇಳಿರಲ್ವಾ? ಕೂಸನ್ನ ನಾನೇ ಬೆರಳು ಮಾಡಿ ತೋರಿಸಿಕೊಟ್ಟೆ ಅನ್ನಿಸಿತು. ತಡ್ಕೊಳ್ಳೋಕಾಗದೆ ಅವ್ವನ ತೋಳು ಹಿಡಿದೆ.

"ಅವ್ವಾ, ತೆಪ್ಪಾಗೋಯ್ತು. ಕಿವೀಲಿ ನಾನು ಬ್ಯಾರೆ ಹೆಸ್ರು ಹೇಳ್ಬುಟ್ಟೆ. ನಾನೇ ಕೂಸ್ನ ಕೊಂದ್ಬುಟ್ಟೆ."

ಬೀಳುತ್ತೆ ಏಟು ಅಂತ ಕಣ್ಣು ಮುಚ್ಚಿದೆ. ಬೀಳಲಿಲ್ಲ. ಯಾವ ಹೆಸರು ಅಂತ ಕೂಡ ಅವ್ವ ಕೇಳಲಿಲ್ಲ. ಕಂಬಳಿ ಇನ್ನೊಂದು ಸುತ್ತು ಬಿಗಿ ಮಾಡಿ ಕಿಟಕಿಯಾಚೆ ನೋಡ್ತಾ ಕೂತಳು.

ಆಸ್ಪತ್ರೇಲಿ ಮಲಯಾಳದ ಕಡೆಯ ನರ್ಸಮ್ಮ ಒಬ್ಬರು ಕೂಸಿನ ಎದೆ ಮುಟ್ಟಿ ನೋಡಿದ್ದೇ ಒಳಗೆ ಓಡಿ ಡಾಕ್ಟರನ್ನ ಕರೆದರು. ಆಮೇಲೆ ಚೀಟಿ ಹಿಡ್ಕೊಂಡು ಕೇಳಿದರು, "ಕೊಚ್ಚಿನ, ಅದೇ ಮಗೂನ ಹೆಸರು ಏನು? ಬೇಗ ಹೇಳಿ." ಅತ್ತಿಗೆ ಅವ್ವನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವ್ವ ಸೆರಗು ಸರಿಮಾಡಿಕೊಂಡು, ತಲೆ ಎತ್ತಿ, ಆ ರೇಡಿಯೋದ ಹೆಸರು ಹೇಳಿದಳು. ಒಂದಕ್ಷರ ಆಚೀಚೆ ಆಗದಂತೆ, ಹಾಡಿನಲ್ಲಿ ಇದ್ದಂಗೇ!

ನಾನು ಕಲ್ಲಾಗಿಬಿಟ್ಟೆ. ನರ್ಸಮ್ಮ ಬರ್ಕೊಂಡು ಒಳಗೆ ಹೋದರು. ಬಿಳಿ ಕೋಟಿನ ಡಾಕ್ಟರು ಸೂಜಿ ಹಿಡಿದು ಅದೇ ಹೆಸರಿಂದ, "ಎಲ್ಲಿ, ಸ್ವಲ್ಪ ಕಾಲು ಕೊಡಮ್ಮಾ" ಅಂತ ಕೂಸನ್ನ ಮಾತಾಡಿಸಿದ್ದು ಹೊರಗೆ ನಮಗೆ ಕೇಳಿಸಿತು. ನಮ್ಮ ಮನೆತನದಲ್ಲಿ ಯಾರನ್ನೂ ಯಾರೂ ಅಷ್ಟು ಮರ್ಯಾದೆಯಿಂದ ಕರೆದದ್ದು ನಾನು ಕಂಡಿರಲಿಲ್ಲ.

ಅತ್ತಿಗೆಯನ್ನ ಮಾತ್ರ ಒಳಗೆ ಬಿಟ್ಟರು. ನಾನೂ ಅವ್ವನೂ ಜಗಲಿ ಮೇಲೆ ಕೂತೆವು. "ನಿಂಗೆಂಗ್ ಗೊತ್ತಾಯ್ತವ್ವಾ?" ಅಂದೆ.

"ನಾನೇನ್ ಕಿವುಡೀನಾ? ಆವತ್ತು ನಿಮ್ಮತ್ಗೆ ಕೈ ನಿಂತದ್ದು, ನಕ್ಕಿದ್ದು ಕಂಡ್ನಿಲ್ವಾ? ಎಲ್ಡು ವರ್ಸದ್‌ಮ್ಯಾಕೆ ನಕ್ಕವ್ಳೆ. ಎದುರ್ಗೇ ಕೂತಿದ್ದೆ ಕಣೆ."

"ಮತ್ತೆ ತಿಪ್ಪೆ ಹೆಸ್ರೇ ಬೇಕು ಅಂದ್ಯಲ್ಲಾ?"

"ಹೂಂ ಮತ್ತೆ. ಅದು ಯಮನ್ಗೆ. ಇದು ಡಾಕ್ಟ್ರಿಗೆ. ಯಮನ್ ಮುಂದೆ ಕಸ ಅನ್ಬೇಕು, ಬುಟ್‌ಬುಟ್ಟು ಓಯ್ತಾನೆ. ಡಾಕ್ಟ್ರ ಮುಂದೂ ಕಸ ಅಂದ್ರೆ ಅವ್ರೂ ಬುಟ್‌ಬುಟ್ರೆ ಏನ್ ಮಾಡೀಯೆ? ಕಳ್ಕೊಳ್ಳಾಕೆ ಆಗ್ದಂತಾ ಕೂಸಿದು ಅಂತ ಅವ್ರಿಗೆ ಗೊತ್ತಾಗ್ಬ್ಯಾಡ್ವಾ?"

ನನಗೆ ಅಳು ಒತ್ತರಿಸಿ ಬಂತು. ಕೂಸಿನ ಭಯ ಒಂದು ಕಡೆ, ನನ್ನದೇ ಹೊಟ್ಟೆಕಿಚ್ಚು ಒಂದು ಕಡೆ. "ಅದುಕ್ಕಾರ ಎಲ್ಡು ಹೆಸ್ರು. ನಂಗೆ ಬರೀ ಕಲ್ಲು" ಅಂದುಬಿಟ್ಟೆ. ಕೂಸು ಒಳಗೆ ಉಸಿರಿಗೆ ಒದ್ದಾಡ್ತಿರೋವಾಗ ನಾನು ಆಡಿದ ಮಾತು ಅದು. ಥೂ, ನನ್ನ ಜನ್ಮಕ್ಕಿಷ್ಟು.

ಅವ್ವ ನನ್ನ ಕಡೆ ತಿರುಗಿದಳು. "ನಿನ್ ಕಿವೀಲೂ ಒಂದ್ ಹೇಳಿವ್ನಿ ಕಣೆ. ನಿನ್ ಸೋದರತ್ತೆ ಕೈಗೆ ಕೊಡಾಕ್ ಮುಂಚೆ, ನಾನೇ. ನಮ್ಗೆ ರೇಡಿಯೋ ಎಲ್ಲಿತ್ತು, ರಾಗಿಕಲ್ಲೇ ರೇಡಿಯೋ. ರಾಗಿ ಬೀಸೋ ಪದದಾಗೆ ಒಬ್ಳು ಬರ್ತಿದ್ಲು, ಅವಳ್ ಹೆಸ್ರು. ದೊಡ್ಡೋಳಾದ್‌ಮ್ಯಾಕೆ ಹೇಳಾನ ಅಂತಿದ್ದೆ. ಕೆಲ್ಸ ಕೆಲ್ಸ ಅಂತ ಹಂಗೇ ಉಳ್ಕೊಬುಡ್ತು."

"ಏನವ್ವಾ ಅದು?"

"ಈಗ್ಲಲ್ಲ. ಮೊದ್ಲು ಆ ಕೂಸು ಅಳ್ಲಿ."

ಅಳಲಿಲ್ಲ ಕೂಸು. ಆ ದಿನ ಅಳಲಿಲ್ಲ, ಮಾರನೇ ದಿನ ಅಳಲಿಲ್ಲ. ಅಳೋಕೆ ಬೇಕಾದ ಉಸಿರೇ ಅದಕ್ಕಿರಲಿಲ್ಲ. ಆ ಎರಡು ದಿನವೂ ಅತ್ತಿಗೆ ಅದರ ತಲೆದೆಸೆಯಲ್ಲಿ ಕೂತು, ಯಮ ಬಂದು ನಿಂತರೂ ಹೆದರದೋಳ ಹಂಗೆ, ಗಂಟಲು ಬಿಟ್ಟು ಆ ಹೆಸರು ಹಿಡಿದು ಕೂಗಿದಳು, ಹಾಡಿದಳು. ನರ್ಸಮ್ಮ ಬೈಯಲಿಲ್ಲ. ಮೂರನೇ ದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಕೂಸು ಇಡೀ ಆಸ್ಪತ್ರೆಗೆ ಕೇಳೋ ಹಂಗೆ ಕಿಟಾರನೆ ಕಿರುಚಿ ಅತ್ತಿತು. ಅದಕ್ಕಿಂತ ಒಳ್ಳೇ ಹಾಡನ್ನ ನಾನು ಇವತ್ತಿನವರೆಗೂ ಕೇಳಿಲ್ಲ. ಅವ್ವ ಜಗಲಿ ಕಂಬಕ್ಕೆ ಹಣೆ ಒತ್ತಿ ಅತ್ತಳು.

ವಾರದ ಮೇಲೆ ಮನೆಗೆ ಕಳಿಸಿದರು. ಹ್ಯಾಂಡ್‌ಪೋಸ್ಟಿನಲ್ಲಿ ಅವತ್ತು ಕಾಲಿಡೋಕೆ ಜಾಗವಿಲ್ಲದಷ್ಟು ಜನ. ಕೂಸಿನ ಜೊತೆ ಅತ್ತಿಗೆಯನ್ನ ಕರ್ಕೊಂಡು ಅವ್ವ ಮುಂದೆ ಹೋಗಿ ಬಸ್ಸು ಹತ್ತಿದ್ದಳು. ಚೀಲ ಹೊತ್ತ ನಾನು ಗಲಾಟೇಲಿ ಹಿಂದೆ ಬಿದ್ದು ಬಸ್ಸಿಗೆ ಬೆನ್ನು ಹಾಕಿ ಆ ಕಡೆ ಈ ಕಡೆ ಅವರನ್ನೇ ಹುಡುಕ್ತಿದ್ದೆ. ಕಂಡಕ್ಟರ್ ಸೀಟಿ ಊದಿದ. ಆಗ ಬಸ್ಸಿನ ಕಿಟಕಿಯಿಂದ ಯಾರೋ ಹೆಣ್ಣೊಬ್ಬಳ ಹೆಸರು ಹಿಡಿದು ಕೂಗಿದರು. ಹಳೇ ಹೆಸರು, ಚೆಂದದ ಹೆಸರು, ನಾನು ಯಾವತ್ತೂ ಕೇಳದ ಹೆಸರು. ಅಷ್ಟು ಜನರಲ್ಲಿ ಒಬ್ಬರೂ ತಿರುಗಲಿಲ್ಲ.

ನಾನು ತಿರುಗಿದೆ. ಅವ್ವನ ಗಂಟಲು ಗುರುತು ಸಿಕ್ಕಿ ತಿರುಗಿದೆ ಅಂತ ಬೇಕಾದರೆ ನೀವು ಅನ್ನಿ. ನಾನು ಓ ಅಂದೆ.