ಪಪ್ಪಾಯಿ ಹಾಲಿನ ನಡುವಣ ಕೆನೆ

ಕುರುಗೋಡಿನ ದಾಕ್ಷಾಯಣಿಗೆ ಸಿಟ್ಟು ಬೇಗ ಬರುವುದಿಲ್ಲ. ಬಂತೋ, ಹೋಗುವ ಮಾತೇ ಇಲ್ಲ! ಇಷ್ಟು ವರ್ಷ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡೇ ಉಂಡಳು, ಮಲಗಿದಳು, ಬಸ್ಸು ಹತ್ತಿದಳು. ಇವತ್ತು ಅದೇ ಕೆಂಡ ಹೊತ್ತು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ, ಹಾಲಸಿದ್ದಪ್ಪನ ಘಟಕದ ಮುಂದೆ ಆಟೋ ಇಳಿದಳು. ವರ್ಷಗಳ ಹಿಂದೆ ಕೆಲಸದಿಂದ ತೆಗೆದು ಅವಳನ್ನು ಹೊರಗೆ ದಬ್ಬಿದ್ದು ಇದೇ ಗೇಟಿನಿಂದ.

ಸಿರುಗುಪ್ಪದ ತೋಟಗಳಿಂದ ಬರುವ ಪಪ್ಪಾಯಿಕಾಯಿಯ ಹಾಲಿನಿಂದ ಪಪೇನ್ ಎಂಬ ಪ್ರೋಟೀನು ಬೇರ್ಪಡಿಸಿ ಔಷಧಿ ಕಂಪನಿಗಳಿಗೆ ಮಾರುವುದು ಅಲ್ಲಿನ ಕಸುಬು. ಹಾಲನ್ನು ನೀರಲ್ಲಿ ಕದಡಿ, ಪಾಲಿಮರ್ ಮತ್ತು ಉಪ್ಪು ಬೆರೆಸಿ, ದೊಡ್ಡ ಗಾಜಿನ ಆಲಿಕೆಯಲ್ಲಿ ಕುಲುಕಿ ಸುಮ್ಮನೆ ಬಿಡಬೇಕು. ಪಾಲಿಮರ್ ಬೆರೆತ ನೀರು, ಉಪ್ಪು ಬೆರೆತ ನೀರು, ಎರಡೂ ನೀರೇ ಆದರೂ ಬೇರೆಯಾಗಿ, ಒಂದರ ಮೇಲೊಂದು ನಿಲ್ಲುತ್ತವೆ. ಮೇಲಿನ ತಿಳಿಯಲ್ಲಿ ಪಪೇನ್, ಕೆಳಗೆ ಕಲ್ಮಶದ ಉಪ್ಪುನೀರು, ನಡುವೆ ಬಿಳಿ ಕೆನೆ. ತಳದ ನಲ್ಲಿ ತಿರುಗಿಸಿ ಉಪ್ಪುನೀರನ್ನೂ ಕೆನೆಯನ್ನೂ ಪೂರ್ತಿ ಹೊರಗೆ ಬಿಟ್ಟ ಮೇಲೆಯೇ ತಿಳಿ ಹಿಡಿಯಲು ಒಳ್ಳೆಯ ಪಾತ್ರೆ ಇಡಬೇಕು. ಆತುರಪಟ್ಟರೆ ಕೆನೆ ತಿಳಿಗೆ ಬಿದ್ದು ಸರಕೆಲ್ಲ ಹಾಳು.

ಅವತ್ತು ಆತುರಪಟ್ಟವನು ವೀರೇಶ್, ಅವಳ ಜೊತೆ ಒಂದೇ ಮೇಜಿನಲ್ಲಿ ದುಡಿಯುತ್ತಿದ್ದವನು. ಕೆಟ್ಟ ಸರಕು ವಾಪಸು ಬಂದಾಗ ಆ ಮಹಾರಾಯ, ಮಾಲೀಕ ಹಾಲಸಿದ್ದಪ್ಪನ ಮುಂದೆ, ಬೆರಳು ತೋರಿಸಿದ್ದು ದಾಕ್ಷಾಯಣಿಯ ಕಡೆ. ಗಾಜು ತೊಳೆಯುವ ಕೊಟ್ರಮ್ಮ ಎಲ್ಲವನ್ನೂ ಕಣ್ಣಾರೆ ಕಂಡಿದ್ದಳು. "ಯಕ್ಕಾ, ಒಂದು ಮಾತು ಹೇಳಬೇ" ಎಂದು ದಾಕ್ಷಾಯಣಿ ಕೈ ಹಿಡಿದು ಬೇಡಿದಳು. ಕೊಟ್ರಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಸರಕು ಕೆಡಿಸಿದವಳು ಎಂಬ ಹೆಸರು ದಾಕ್ಷಾಯಣಿಗಿಂತ ಮೊದಲೇ ಊರಿನ ಲ್ಯಾಬುಗಳನ್ನೆಲ್ಲ ಸುತ್ತಿ ಬಂತು. ಆ ಹೆಸರನ್ನು ಅದೇ ಮೇಜಿನ ಹತ್ತಿರ, ಅದೇ ಜನರ ಎದುರು ತೊಳೆದುಕೊಳ್ಳಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಈಗ ಅವಳು ಇದೇ ಘಟಕದ ಸರಕು ಕೊಳ್ಳುವ, ಹೊರಗಿನ ಊರಿನ ಔಷಧಿ ಕಂಪನಿಯ ಪರೀಕ್ಷಕಿ.

"ಅರೆ, ನೀವಾ! ಬರ್ರಿ, ಕುಂದರ್ರಿ, ಚಾ ತರಸ್ತೀನಿ" ಎಂದ ಹಾಲಸಿದ್ದಪ್ಪನ ನಗೆ ಅರ್ಧಕ್ಕೇ ಒಣಗಿತು.

"ಚಾ ಬ್ಯಾಡ್ರಿ. ನನ್ನ ಕಣ್ಣ ಮುಂದ ಒಮ್ಮೆ ಬೇರ್ಪಡಿಸಿ ತೋರಸ್ರಿ. ವೀರೇಶನೇ ಮಾಡ್ಲಿ."

ವೀರೇಶ್ ಕುಲುಕಿದ, ನಿಲ್ಲಿಸಿದ. ಪದರ ಬೇರೆಯಾಗುವಷ್ಟು ಹೊತ್ತೂ ದಾಕ್ಷಾಯಣಿ ಗಡಿಯಾರ ನೋಡಿದ್ದೇ ನೋಡಿದ್ದು. "ಸಿರುಗುಪ್ಪಕ್ಕ ಹೋಗಾಕ ಲೇಟಾಗಾಕತ್ತೈತಿ" ಎಂದು ಬೇಕಂತಲೇ ಅವಸರ ಮಾಡಿದಳು. ಅವನ ಬುದ್ಧಿ ಅವಳಿಗೆ ಗೊತ್ತಿಲ್ಲವೇ! ನಲ್ಲಿ ತಿರುಗಿಸಿದ ವೀರೇಶ್, ಕೆನೆ ಇನ್ನೂ ಆಲಿಕೆಯ ಕತ್ತಿನಲ್ಲೇ ಇರುವಾಗ ಕೊಟ್ರಮ್ಮನಿಗೆ, "ಪಾತ್ರಿ ಇಡು" ಎಂದ.

"ಇನ್ನಾ ಕೆನಿ ಐತಲ್ಲಪ್ಪ..."

"ಇಡಬೇ ಅಂದ್ರ!"

ಅವಳು ಇಟ್ಟಳು. ಕೆನೆ ಬಿತ್ತು, ಹಿಂದೆಯೇ ಇಳಿದ ತಿಳಿ ಕಲಗಚ್ಚಿನ ಹಾಗಾಯಿತು.

ವೀರೇಶನ ಬೆರಳು ಮತ್ತೆ ಎದ್ದಿತು. ಈ ಸಲ ಕೊಟ್ರಮ್ಮನ ಕಡೆ. "ಈ ಮುದುಕಿ ಪಾತ್ರಿ ಇಟ್ಟಾಳ್ರಿ! ಕಣ್ಣ ಕಾಣಂಗಿಲ್ಲ ಇಕಿಗೆ."

"ನಾಳಿಂದ ಬರಬ್ಯಾಡ ಕೊಟ್ರಮ್ಮ" ಎಂದ ಹಾಲಸಿದ್ದಪ್ಪ, ಹಿಂದುಮುಂದು ನೋಡದೆ.

ಕೊಟ್ರಮ್ಮ ತಿರುಗಿ ದಾಕ್ಷಾಯಣಿಯ ಮುಖ ನೋಡಿದಳು. ದಾಕ್ಷಾಯಣಿ ಎಲ್ಲ ಕಂಡಿದ್ದಳು, ಎಲ್ಲ ಕೇಳಿದ್ದಳು. ಒಂದು ಮಾತು ಸಾಕಿತ್ತು. ಆಡಲಿಲ್ಲ. ಬೇಯಲಿ, ಇವಳೂ ಬೇಯಲಿ ಎಂದುಕೊಂಡು ಆಲಿಕೆಯ ಗಾಜನ್ನೇ ನೋಡುತ್ತಾ ನಿಂತಳು. ಆ ಮೌನದ ಗುರುತು ಕೊಟ್ರಮ್ಮನಿಗೆ ಹತ್ತಿತು. ಅವತ್ತು ತಾನೇ ತಾಳಿದ್ದ ಮೌನ ಅದು.

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಸಾವ್ಕಾರ್ರೇ, ಇಡು ಅಂದಾವ ಇವನೇ. ಅವತ್ತು ಕೆಡಿಸಿದಾವನೂ ಇವನೇ. ಈ ಹುಡುಗಿದು ಏನೂ ತಪ್ಪಿರಲಿಲ್ಲ. ಕೆಲಸ ಹೊಕ್ಕೈತಿ ಅಂತ ಹೆದರಿ ಬಾಯಿ ಮುಚಗೊಂಡಿದ್ನಿ."

"ಲೇ ಮುದುಕಿ..." ಎಂದು ವೀರೇಶ್ ಮುಂದೆ ನುಗ್ಗಿದ.

"ಮುಚ್ಚಲೇ ಬಾಯಿ! ಕೊಟ್ರಮ್ಮ ಇರ್ಲಿ, ನೀ ಹೊರಗ ನಡಿ!" ಹಾಲಸಿದ್ದಪ್ಪ ಗುಡುಗಿದ. ಆಮೇಲೆ ದಾಕ್ಷಾಯಣಿಯ ಕಡೆ ತಿರುಗಿ, "ತಪ್ಪಾತವ್ವ, ನಾ ಕೇಳಬೇಕಿತ್ತು" ಎಂದ.

"ಕೊಟ್ರಮ್ಮ ಹೇಳಿದ್ದು ಖರೆ ಐತ್ರಿ. ಈಗಿಂದು ನಾನೂ ನೋಡೀನಿ" ಎಂದಳು ದಾಕ್ಷಾಯಣಿ. ವೀರೇಶನ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು, "ಗೇಟ್ ಯಾ ಕಡಿಗೈತಿ, ನಾ ತೋರಸ್ಲೇನು?"

ಅವನು ತಲೆ ತಗ್ಗಿಸಿಕೊಂಡು ಗೇಟು ದಾಟುವ ತನಕ ಅವಳು ಕಿಟಕಿ ಬಿಟ್ಟು ಕದಲಲಿಲ್ಲ. ಕನಿಕರವೇ? ಎಳ್ಳಷ್ಟೂ ಬರಲಿಲ್ಲ. ಹೊಟ್ಟೆ ತಣ್ಣಗಾಯಿತು.

"ನನ್ನ ಮ್ಯಾಲೂ ಸಿಟ್ಟೇನವ್ವಾ?" ಹಿಂದಿನಿಂದ ಕೊಟ್ರಮ್ಮ ಅಳುತ್ತಾ ಕೇಳಿದಳು.

"ಹೂನಕ್ಕಾ, ಇನ್ನಾ ಐತಿ" ಎಂದಳು ದಾಕ್ಷಾಯಣಿ. ಆಮೇಲೆ ಕುರ್ಚಿ ಎಳೆದು ಅವಳ ಮುಂದಿಟ್ಟಳು.