ಗದ್ದೆಯ ಮೇಲಿನ ಗೆರೆ

ಹೊಳೆ ಉಕ್ಕಿದಾಗ ಬಯಲಿನ ಮೇಲೆ ಎಷ್ಟು ನೀರು ಹರಿಯುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಕಂಪ್ಯೂಟರಿನ ನಕ್ಷೆಯಲ್ಲಿ ಬಯಲಿಗೆ ಅಡ್ಡವಾಗಿ ಗೆರೆ ಎಳೆದರೆ, ಅದನ್ನು ದಾಟುವ ನೀರನ್ನು ಸಾಫ್ಟ್‌ವೇರ್ ಅಳೆದು ಹೇಳುತ್ತದೆ.

ಗಂಗಾವತಿಯಾಚೆ, ತುಂಗಭದ್ರೆಯ ದಂಡೆಯ ಒಂದು ಊರಿಗೆ ಹೋಗಿದ್ದೆ. ಹನುಮಂತಪ್ಪ ಎಂಬ ರೈತರು ತಮ್ಮ ಗದ್ದೆಯ ಬದುವಿನ ಮೇಲೆ ನನ್ನ ಪಕ್ಕ ಕೂತು ಲ್ಯಾಪ್‌ಟಾಪ್ ನೋಡಿದರು.

“ಈ ಕೆಂಪು ಗೆರಿ ನಮ್ಮ ಗದ್ದ್ಯಾಗ ಯಾಕ ಐತ್ರಿ?”

“ನೀರು ಅಳೆಯೋಕೆ ಅಷ್ಟೇ. ನೆಲದ ಮೇಲೆ ಏನೂ ಬರೋದಿಲ್ಲ.”

“ರೋಡಿನವರೂ ಹಂಗ ಅಂದಿದ್ರು. ಅವರ ಗೆರಿ ಮ್ಯಾಲ ಈಗ ಲಾರಿ ಓಡ್ಯಾಡ್ತಾವ. ಇದನ್ನ ಆ ಕಡಿ ಸರಸ್ರಿ.”

ವಾದ ಬೇಡವೆಂದು ಗೆರೆಯನ್ನು ಪಕ್ಕದ ಗದ್ದೆಗೆ ಸರಿಸಿದೆ. ಸಾಫ್ಟ್‌ವೇರ್ ಮತ್ತೆ ಅಳೆಯುವ ತನಕ ಅವರು ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಕೂತರು. ಅಂಕಿ ಹೆಚ್ಚುಕಡಿಮೆ ಮೊದಲಿನಷ್ಟೇ ಬಂತು. ಅವರ ಭಯ ಹೋಗಲೆಂದು ತೋರಿಸಿದೆ.

“ನೋಡಿ, ಗೆರೆ ಎಲ್ಲಿದ್ದರೂ ನೀರು ಅಷ್ಟೇ.”

“ಹಂಗಾದ್ರ ಅಲ್ಲೇ ಇರ್ಲಿ ಬಿಡ್ರಿ.”

“ಅದು ಯಾರ ಗದ್ದೆ?”

“ನಮ್ಮ ತಮ್ಮಂದು.”

ಅಷ್ಟರಲ್ಲಿ ಆ ತಮ್ಮನೇ ಮನೆಯಿಂದ ಚಹಾ ತಂದ. ನನ್ನ ಕೈಗೆ ಕಪ್ಪು ಕೊಡುತ್ತ, “ಏನ್ ನೋಡಾಕತ್ತೀರಿ ಸರ?” ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಅಣ್ಣ, “ನೀರು” ಅಂದರು.

ಸುಳ್ಳಂತೂ ಅಲ್ಲ. ನಾನು ಲ್ಯಾಪ್‌ಟಾಪ್ ಮುಚ್ಚಿ, ಚಹಾ ಭಾಳ ಛಲೋ ಐತಿ ಅಂದೆ.