ನನ್ನ ಬಾಯಲ್ಲಿದ್ದ ಅಪ್ಪನ ಹಲ್ಲು

ಮಧ್ಯಾಹ್ನ ಬಾಯಿ ತೆರೆದುಕೊಂಡು ಮಲಗುವ ಚಾಳಿ ನನ್ನದು. ಹೇಳಿಕೊಳ್ಳುವಂಥ ವಿಷಯವಲ್ಲ, ಒಪ್ಪಿದೆ. ಆದರೆ ಬಾಯಿ ಮುಚ್ಚಿಕೊಂಡು ಮಲಗುವ ಸಭ್ಯಸ್ಥನಾಗಿದ್ದರೆ ಈ ಸಂಗತಿ ನನಗೆ ಎಂದೂ ತಿಳಿಯುತ್ತಿರಲಿಲ್ಲ.

ಆಗ ನಿಜಾಮರ ಆಳ್ವಿಕೆ. ನಾನು ಕೊಪ್ಪಳದ ಸಾಲೆಯಲ್ಲಿ ಮಾಸ್ತರ. ಒಂದು ಮಧ್ಯಾಹ್ನ ಉಂಡು ಪಡಸಾಲೆಯಲ್ಲಿ ಚಾಪೆಯ ಮೇಲೆ ಬಿದ್ದುಕೊಂಡಿದ್ದೆ. ಅರೆ ಎಚ್ಚರವಾಯಿತು. ಮುಖದ ಹತ್ತಿರವೇ ಯಾರೋ ಮೆಲ್ಲಗೆ ಮಾತಾಡುತ್ತಿದ್ದರು.

“ಕರಿ ಆಕಳಾ ಈದೈತ್ರಿ. ಹೆಣ್ಣು ಕರ. ಯಲಬುರ್ಗಿ ಹೊಲದ ಬಾವ್ಯಾಗ ನೀರು ಬಂದಾವಂತ. ನಿಮಗ ಹೇಳಬೇಕಂತ ಬೆಳಗಿಂದ ಕಾಯಾಕತ್ತೀನಿ.”

ಅವ್ವನ ದನಿ. ನಾನು ಹುಟ್ಟಿದಾಗಿನಿಂದ ಅವ್ವ ನನ್ನನ್ನು ‘ರೀ’ ಎಂದು ಕರೆದವಳಲ್ಲ. ನನಗೆ ನೌಕರಿ ಸಿಕ್ಕ ದಿನ ಕೂಡ ಆ ಮರ್ಯಾದೆ ಸಿಕ್ಕಿರಲಿಲ್ಲ. ರೆಪ್ಪೆಯ ಸಂದಿಯಿಂದ ನೋಡಿದೆ. ಅವಳು ಬಗ್ಗಿ ಕುಳಿತು ನನ್ನ ತೆರೆದ ಬಾಯಿಯೊಳಗೆ ನೋಡುತ್ತಿದ್ದಳು. ಮಾತಾಡುತ್ತಿದ್ದುದು ನನ್ನೊಡನೆ ಅಲ್ಲ, ನನ್ನ ಮೇಲಿನ ಸಾಲಿನ ಒಂದು ಮುಂದಿನ ಹಲ್ಲಿನೊಡನೆ. ಬೇಸಿಗೆಯ ಬಿಸಿಲು ಅಂಗಳದಲ್ಲಿ ಸುಡುತ್ತಿತ್ತು, ನನಗೆ ಚಳಿಯಾಯಿತು.

ಆ ಹಲ್ಲಿನ ವಿಷಯ ಹೇಳಬೇಕು. ಪಕ್ಕದ ಹಲ್ಲಿನ ಮೇಲೆ ಅರ್ಧ ಏರಿ, ಸ್ವಲ್ಪ ಓರೆಯಾಗಿ ನಿಂತ ಹಲ್ಲು. ನನ್ನ ಅಪ್ಪನ ಬಾಯಲ್ಲೂ ಅದೇ ಜಾಗದಲ್ಲಿ, ಅದೇ ಓರೆಯಲ್ಲಿ ಅಂಥದೇ ಒಂದಿತ್ತು. ಹೊಲ, ಹೆಸರು, ಸಿಟ್ಟು ಇವೆಲ್ಲ ಅಪ್ಪನಿಂದ ಮಗನಿಗೆ ಬರುವುದು ಸರಿ. ಹಲ್ಲಿನ ಓರೆಯೂ ತಪ್ಪದೆ ಬರುತ್ತದೆಂದರೆ ಆ ಲೆಕ್ಕ ಯಾರು ಇಟ್ಟಿರುತ್ತಾರೋ ಗೊತ್ತಿಲ್ಲ. ನಾನು ನಕ್ಕರೆ ಅವ್ವ ಮಾತು ನಿಲ್ಲಿಸಿ ನನ್ನ ತುಟಿಯ ಕಡೆ ನೋಡುತ್ತಿದ್ದಳು. ನಗು ಮುಗಿದರೆ ಅಡುಗೆಮನೆಗೆ ಎದ್ದು ಹೋಗುತ್ತಿದ್ದಳು.

ಅಪ್ಪ ಹತ್ತಿಯ ಬಂಡಿಗಳ ಜೊತೆ ರಾಯಚೂರಿಗೆ ಹೊರಟವರು ದಾರಿಯಲ್ಲಿ ಕಾಲರಾ ತಗುಲಿ ತೀರಿಕೊಂಡಿದ್ದರು. ಜೊತೆಗಿದ್ದವರು ಹೆದರಿ ಓಡಿದರು. ಯಾವುದೋ ಊರಿನ ಯಾರೋ ಪುಣ್ಯಾತ್ಮರು ರಸ್ತೆಯ ಬದಿಗೆ ಮಣ್ಣು ಮಾಡಿದರಂತೆ. ಎಲ್ಲಿ ಎಂಬುದು ಕೊನೆಗೂ ತಿಳಿಯಲಿಲ್ಲ. ನಮ್ಮಲ್ಲಿ ಸುಡುವ ಪದ್ಧತಿಯಿಲ್ಲ, ಕುಣಿ ತೋಡಿ ಕೂರಿಸಿ ಮಣ್ಣು ಕೊಡುತ್ತಾರೆ. ಮೂರು ಹಿಡಿ ಮಣ್ಣು ಕೊಡುವ ಋಣ ಅವ್ವನಿಗೆ ಉಳಿದೇಹೋಯಿತು. ಯಲಬುರ್ಗಿಯ ಹೊಲದಲ್ಲಿ ಅಜ್ಜನ ಗದ್ದುಗೆಯ ಪಕ್ಕದ ಜಾಗ ಹನ್ನೆರಡು ವರ್ಷ ಖಾಲಿ ಇತ್ತು. ಅಲ್ಲಿ ಮಾತ್ರ ಅವಳು ಯಾರಿಗೂ ಜೋಳ ಬಿತ್ತಲು ಬಿಡುತ್ತಿರಲಿಲ್ಲ.

ಹಲ್ಲು ಕೆಟ್ಟದ್ದು ನನ್ನ ಶೋಕಿಯಿಂದ. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಸೈಕಲ್ ಕಲಿಯಲು ಹೋಗಿ, ನನ್ನದೇ ವಿದ್ಯಾರ್ಥಿಗಳ ಎದುರು, ನಿಂತಿದ್ದ ಬಂಡಿಗೆ ಗುದ್ದಿದೆ. ಬಂಡಿಗೆ ಏನೂ ಆಗಲಿಲ್ಲ. ಹಲ್ಲು ಬೂದಿಬಣ್ಣಕ್ಕೆ ತಿರುಗಿತು. ಗದಗಿನಲ್ಲಿ ಒಬ್ಬ ಡಾಕ್ಟರು ಕಾಲಿನಿಂದ ತುಳಿಯುವ ಯಂತ್ರದಲ್ಲಿ ಹಲ್ಲು ಕೊರೆದು, ಒಳಗಿನ ನರ ತೆಗೆದು, ಬೇರಿನೊಳಗೆ ಏನೋ ತುಂಬಿ ಮುಚ್ಚಿದರು. “ಇದು ಸತ್ತ ಹಲ್ಲು ಮಾಸ್ತರ. ಆದ್ರ ನಿಂತಿರ್ತೈತಿ” ಎಂದರು. ಮನೆಗೆ ಬಂದು ಈ ಮಾತನ್ನು ಅವ್ವನಿಗೆ ಹಾಗೆಯೇ ಹೇಳಿದೆ. ಹೇಳಬಾರದಿತ್ತು. ಹಲ್ಲು ಜೀವಂತ ಇದ್ದಷ್ಟು ದಿನ ಅವ್ವ ಅದನ್ನು ಬರೇ ನೋಡುತ್ತಿದ್ದಳು. ಅದು ಸತ್ತ ಮೇಲೆ ಮಾತಾಡಿಸಲು ಶುರು ಮಾಡಿದ್ದಳು.

ವಿಷಯ ತಿಳಿದ ಮೇಲೂ ನಾನು ಸುಮ್ಮನಿದ್ದೆ. ದಿನಾ ಮಧ್ಯಾಹ್ನ ಕಣ್ಣು ಮುಚ್ಚಿ, ಬಾಯಿ ತೆರೆದು ಮಲಗುತ್ತಿದ್ದೆ. ಗಂಡ-ಹೆಂಡಿರ ಮಾತಿನ ನಡುವೆ ಮಗ ಕೆಮ್ಮಬಾರದು. ಹೀಗೆ ಒಂದು ವರ್ಷವಾಗಿರಬೇಕು, ಹಲ್ಲಿನ ಮೇಲೆ ವಸಡಿನಲ್ಲಿ ಒಂದು ಗುಳ್ಳೆ ಎದ್ದಿತು. ಕೀವು ಒಸರುವುದು, ಬತ್ತುವುದು, ಮತ್ತೆ ಒಸರುವುದು. ಒಂದು ದಿನ ಅವ್ವ ಎಂದೂ ಕೇಳದ್ದನ್ನು ಕೇಳಿದಳು.

“ಎಲ್ಲಿ ಇಟ್ಟಾರ್ರೀ ನಿಮ್ಮನ್ನ?”

ಹಲ್ಲು ಮಿಡಿಯಿತು. ಒಮ್ಮೆ, ಸ್ವಲ್ಪ ತಡೆದು ಇನ್ನೊಮ್ಮೆ. ಸತ್ತ ಹಲ್ಲು. ನಾನು ಸಾಲೆಯಲ್ಲಿ ಮಕ್ಕಳಿಗೆ ದೆವ್ವ ಭೂತ ಸುಳ್ಳೆಂದು ಪಾಠ ಮಾಡುವವನು. ಕೀವು ತುಂಬಿದರೆ ಮಿಡಿಯುತ್ತದೆಂದು ನನಗೂ ಗೊತ್ತು. ಆದರೂ ಆ ದಿನ ನಾನು ಬಾಯಿ ಮುಚ್ಚಲೂ ಹೆದರಿದೆ, ತೆರೆದಿಡಲೂ ಹೆದರಿದೆ.

ಹುಬ್ಬಳ್ಳಿಗೆ ಹೋದೆ. ಅಲ್ಲಿಯ ಡಾಕ್ಟರು ಎಕ್ಸ್‌ರೇ ತೆಗೆದರು. ಮೊದಲು ಮಾಡಿದ್ದು ಕೆಟ್ಟಿದೆ, ಬೇರಿನ ತುದಿಯಲ್ಲಿ ರೋಗ ಕೂತಿದೆ ಎಂದರು.

“ಕಿತ್ತು ಒಗದ್ರ ಐದು ನಿಮಿಷದ ಕೆಲಸ. ಉಳಿಸಬೇಕಂದ್ರ ವಸಡು ಕೊಯ್ದು, ಎಲುಬಿಗೆ ಕಿಂಡಿ ಮಾಡಿ, ಬೇರಿನ ತುದಿ ಕತ್ತರಿಸಿ ತಗೀಬೇಕು. ಉಳದೇ ಉಳೀತೈತಿ ಅಂತ ನಾ ಹೇಳಂಗಿಲ್ಲ.”

ನನಗೆ ಐದು ನಿಮಿಷದ ಕೆಲಸವೇ ಹಿಡಿಸಿತು. ನಾನು ಧೈರ್ಯವಂತನಲ್ಲ. ಕಟ್ಟಿಗೆಯ ದೇವರು, ಗೊಂಬೆ ಮಾಡುವ ಕಿನ್ನಾಳದ ಚಿತ್ರಗಾರ ಗೆಳೆಯನೊಬ್ಬ, “ದೇವರಿಗೇ ಹಲ್ಲು ಮಾಡಿ ಕೂಡ್ರಸ್ತೀವಿ, ನಿನಗೊಂದು ಮಾಡೂದು ಏನ್ ದೊಡ್ಡದು” ಎಂದು ಹಗುರ ಕಟ್ಟಿಗೆಯ ಹಲ್ಲು ಕೆತ್ತಿ ಬಣ್ಣ ಹಚ್ಚಿಕೊಡಲು ತಯಾರಾಗಿದ್ದ. ಮನೆಗೆ ಬಂದು, ಕಿತ್ತಿಸಿಬಿಡುತ್ತೇನೆಂದು ಅವ್ವನಿಗೆ ಹೇಳಿದೆ.

“ಒಂದ್ಸಲ ಮಂದಿ ಅವ್ರನ್ನ ಹಾದ್ಯಾಗ ಬಿಟ್ಟು ಬಂದ್ರು” ಎಂದಳು. “ನೀನೂ ಬಿಟ್ಟು ಬರಬ್ಯಾಡಪಾ.”

ನಂತರ ಎಕ್ಸ್‌ರೇ ಫಿಲ್ಮು ಕೇಳಿ ಇಸಿದುಕೊಂಡು ಅಂಗಳದ ಬಿಸಿಲಿಗೆ ಹಿಡಿದಳು. ಬೆಳ್ಳಗೆ ಬೇರು, ಅದರ ತುದಿಗೆ ಹತ್ತಿಕೊಂಡು ಒಂದು ದುಂಡಗಿನ ಕಪ್ಪು ಕಲೆ. ಅವಳ ಬೆರಳು ಅಲ್ಲಿ ನಿಂತಿತು.

“ಇದು ಕುಣಿ.”

“ಅದು ಕೀವು ಅವ್ವ.”

“ಕುಣಿ. ಕೇಳಿದ್ನಲ್ಲ, ತೋರಿಸ್ಯಾರ.”

ಶಸ್ತ್ರಕ್ರಿಯೆಗೆ ಒಪ್ಪಿದೆ. ಅವ್ವನೂ ಹುಬ್ಬಳ್ಳಿಗೆ ಬಂದಳು.

ಸೂಜಿಮದ್ದು ಕೊಟ್ಟ ಮೇಲೆ ನನ್ನ ಮೇಲ್ದುಟಿ ನನ್ನದಾಗಿ ಉಳಿಯಲಿಲ್ಲ. ನೋವಿಲ್ಲ, ಆದರೆ ಸಪ್ಪಳವಿದೆ. ಎಲುಬು ಕೊರೆಯುವ ಸಪ್ಪಳ ಕಿವಿಯಿಂದ ಬರುವುದಿಲ್ಲ, ತಲೆಯ ಒಳಗಿನಿಂದಲೇ ಬರುತ್ತದೆ. ಗಂಗಾವತಿಯ ಕಡೆ ಗುಡ್ಡದ ಮೇಲೆ ಮೋರೇರ ಮನೆಗಳಿವೆ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ ಹಳೇ ಕಾಲದ ಗೋರಿಗಳು. ಒಂದು ಚಪ್ಪಡಿಗೆ ದುಂಡಗಿನ ಕಿಂಡಿ. ಸತ್ತವರು ಹೋಗಿ ಬರಲಿಕ್ಕೆಂದು ದನಗಾಹಿಗಳು ಹೇಳುತ್ತಾರೆ. ಚಿಕ್ಕಂದಿನಲ್ಲಿ ಅಂಥ ಕಿಂಡಿಯೊಳಗೆ ಕೈ ಹಾಕಿ ಪಣ ಗೆದ್ದವನು ನಾನು. ಈಗ ನನ್ನ ಎಲುಬಿಗೆ ಕಿಂಡಿ ಬಿದ್ದು ಇನ್ನೊಬ್ಬರ ಕೈ ಒಳಗಿತ್ತು. ಏನು ಹಿಡಿದು ಹೊರಗೆ ಬರುತ್ತಾರೋ ಎಂದು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

ಬಂದದ್ದು ಜೋಳದ ಕಾಳಿನಷ್ಟು ಒಂದು ಚೂರು. ಡಾಕ್ಟರು ಹೊಲಿಗೆ ಹಾಕಿ, ಅದನ್ನು ಅರಳೆಯ ಮೇಲಿಟ್ಟು ತೋರಿಸಿದರು. ಹೊರಗೆ ಕುಳಿತಿದ್ದ ಅವ್ವ ಒಳಗೆ ಬಂದು ಸೆರಗೊಡ್ಡಿದಳು.

“ಅದನ್ನ ನನಗ ಕೊಡ್ರಿ.”

ಡಾಕ್ಟರು ನನ್ನ ಮುಖ ನೋಡಿದರು. ನನಗೆ ಮಾತಾಡುವ ತುಟಿ ಇರಲಿಲ್ಲ. ಕೊಟ್ಟರು.

ರೈಲು ನಿಜಾಮರ ಸೀಮೆಗೆ ಬಂದಿತು. ಆಗೆಲ್ಲ ಆಚೆಯ ಬ್ರಿಟಿಷರ ಸೀಮೆಯಿಂದ ಏನು ತಂದರೂ ಸುಂಕದ ಕಟ್ಟೆಯವರು ಬಿಚ್ಚಿ ನೋಡುತ್ತಿದ್ದರು. ಕೊಪ್ಪಳದಲ್ಲಿ ಇಳಿದಾಗ ಒಬ್ಬ ಜವಾನ ಅವ್ವನ ಮುಷ್ಟಿಯಲ್ಲಿದ್ದ ಸೆರಗಿನ ಗಂಟು ನೋಡಿ, ಅದರಲ್ಲಿ ಏನಿದೆ ಎಂದು ಕೇಳಿದ.

“ನಮ್ಮ ಮನಿಯವ್ರು” ಎಂದಳು ಅವ್ವ.

ಅವನು ಅವಳ ಮುಖವನ್ನು ಒಮ್ಮೆ ನೋಡಿ ಹಿಂದೆ ಸರಿದು ದಾರಿ ಬಿಟ್ಟ. ನನ್ನ ಚೀಲವನ್ನೂ ನೋಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಯಲಬುರ್ಗಿಯ ಹೊಲದಲ್ಲಿ, ಅಜ್ಜನ ಪಕ್ಕದ ಖಾಲಿ ಜಾಗದಲ್ಲಿ, ಅವ್ವ ಮೊಣಕೈಯಷ್ಟು ಆಳದ ಒಂದು ಕುಣಿ ತೋಡಿಸಿದಳು. ಮಠದ ಅಯ್ಯನವರು ವಿಭೂತಿ, ಪತ್ರಿ ಇಟ್ಟುಕೊಂಡು ಕುಳಿತು, “ಹೆಸರು ಹೇಳ್ರಿ” ಎಂದರು. ಹೇಳಬೇಕಾದವನು ನಾನು. ತುಟಿ ಬದನೆಕಾಯಿಯಂತೆ ಊದಿತ್ತು, ಒಳಗೆ ಹೊಲಿಗೆ. ಊಂ ಎಂದು ನರಳಿದೆ, ಅಷ್ಟೇ. ಆಗ ಅವ್ವ ಅಪ್ಪನ ಹೆಸರು ಹೇಳಿದಳು. ಮದುವೆಮನೆಯಲ್ಲಿ ಒಡಪಿನ ಪದ್ಯದೊಳಗೆ ಸೇರಿಸಿ ಹೇಳುವಾಗ ಬಿಟ್ಟರೆ ನಮ್ಮ ಹೆಂಗಸರು ಗಂಡನ ಹೆಸರು ಎತ್ತುವುದಿಲ್ಲ. ಅವಳ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಒಂದಕ್ಷರವೂ ತಡೆಯದೆ, ಹೊಲದಾಚೆಯವರಿಗೂ ಕೇಳುವಂತೆ ಹೇಳಿದಳು.

ಅವಳು ಮೂರು ಹಿಡಿ ಮಣ್ಣು ಕೊಟ್ಟಳು. ನಾನೂ ಕೊಟ್ಟೆ. ಕೊಡುವಾಗ ನಾಲಿಗೆ ತನ್ನಷ್ಟಕ್ಕೆ ಹೊಲಿಗೆಯನ್ನು ಮುಟ್ಟಿ ನೋಡುತ್ತಿತ್ತು. ತನಗೆ ತಾನೇ ಮಣ್ಣು ಕೊಡುವ ಭಾಗ್ಯ ಎಷ್ಟು ಜನರಿಗೆ ಬರುತ್ತದೆ ಎಂದು ನಗಬೇಕೆಂದಿದ್ದೆ. ಅಳು ಬಂತು. ಅಪ್ಪನಿಗಾಗಿ ನಾನು ಅತ್ತದ್ದೂ ಅದೇ ಮೊದಲು.

ಹಲ್ಲು ಉಳಿಯಿತು, ಇವತ್ತಿಗೂ ಇದೆ. ಅವ್ವ ಅದನ್ನು ಮತ್ತೆ ಮಾತಾಡಿಸಲಿಲ್ಲ. ಹೊಲದಲ್ಲಿ ಆ ಬೆಳಿಗ್ಗೆ ಅವಳು ಕೈಯ ಮಣ್ಣು ಕೊಡವಿ ಎದ್ದು ನನ್ನ ಕಡೆ ತಿರುಗಿದಾಗ, ಎಂದಿನಂತೆ ಹಲ್ಲನ್ನೇ ಹುಡುಕುತ್ತಾಳೆಂದು ನಾನು ಊದಿದ ತುಟಿಯನ್ನು ಬೆರಳಿನಿಂದ ಎತ್ತಿ ತೋರಿಸಲು ಹೋದೆ. ಅವಳು ನನ್ನ ಕೈ ಹಿಡಿದು ಕೆಳಗಿಳಿಸಿದಳು. ನನ್ನ ಕಣ್ಣನ್ನೇ ನೋಡಿದಳು.

“ನಿನ್ನ ಕಣ್ಣು ನನ್ನಂಗ ಅದಾವಲ್ಲೋ” ಎಂದಳು. ಆಮೇಲೆ ಕೇಳಿದಳು, “ಭಾಳ ನೋವಾತೇನು ನಿನಗ?”

ನೋವು ಹಿಂದಿನ ದಿನವೇ ಇಳಿದಿತ್ತು. ಆದರೂ ಹೂಂ ಎಂದೆ.